ನಾಟಿಯ ಎಕರೆ, ಕೊಯ್ಲಿನ ಎಕರೆ: ಹಂಗಾಮಿಗೆ ತಕ್ಕಂತೆ ತರಕಾರಿ ವಿಸ್ತೀರ್ಣ ನಿಗದಿ ಮಾಡುವ ಸಮಗ್ರ ಮಾರ್ಗದರ್ಶಿ

ವಾರಕ್ಕೆ ಇಷ್ಟು ಟನ್ ಕೊಡುತ್ತೇನೆಂದು ಒಪ್ಪಿಕೊಂಡು ತರಕಾರಿ ಬೆಳೆಯುವವರಲ್ಲಿ ಬಹಳ ಮಂದಿ ಎಡವುವುದು ಎಕರೆಯ ಲೆಕ್ಕದಲ್ಲಿ. ಒಂದು ಹಂಗಾಮಿನಲ್ಲಿ ಸರಿಹೋದ ವಿಸ್ತೀರ್ಣವನ್ನೇ ಮುಂದಿನ ಹಂಗಾಮಿಗೂ ಇಳಿಸುತ್ತಾರೆ. ಮೂರು ವಾರ ಮಾಲೇ ಇರುವುದಿಲ್ಲ; ನಾಲ್ಕನೆಯ ವಾರ ಎರಡು ತಾಕು ಒಟ್ಟಿಗೆ ಕೊಯ್ಲಿಗೆ ಬಂದು ಆಳು ಸಾಲುವುದಿಲ್ಲ. ಆಮೇಲೆ ಬೀಜದ ಮೇಲೆ, ಹವೆಯ ಮೇಲೆ ದೂರು.

ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಅಳತೆಯನ್ನು ಬಿಟ್ಟು ನೇರವಾಗಿ ಇಳುವರಿಗೆ ಹಾರಿದರೆ ತಪ್ಪು ಕೊನೆಯವರೆಗೂ ಜೊತೆಗೇ ಬರುತ್ತದೆ.

## ಮೊದಲು ಕೈಗೆ ಬೇಕಾದವು

50 ಮೀಟರ್ ಅಳತೆ ಟೇಪು, ಗರಿಷ್ಠ ಮತ್ತು ಕನಿಷ್ಠ ಉಷ್ಣತೆ ಎರಡನ್ನೂ ತೋರಿಸುವ ಒಂದು ತಾಪಮಾಪಕ, ಸಸಿ ಎಣಿಸಲು 10 ಮೀಟರ್ ಉದ್ದದ ಹಗ್ಗ, ತೂಕದ ಯಂತ್ರ, ಪ್ರತಿ ತಾಕಿಗೆ ಒಂದು ಪುಟ ಇರುವ ದಪ್ಪ ಪುಸ್ತಕ. ಕಂಪ್ಯೂಟರಿನಲ್ಲಿ ಬರೆಯುವ ರೂಢಿಯಿದ್ದರೆ ಪುಸ್ತಕದ ಬದಲು ಅದೇ ಆಗಲಿ. ಹಿಂದಿನ ವರ್ಷಗಳ ಮಾರಾಟದ ಚೀಟಿಗಳಿದ್ದರೆ ಎಸೆಯಬೇಡಿ, ಐದನೆಯ ಹಂತದಲ್ಲಿ ಅವೇ ಆಧಾರ.

ಮೊಬೈಲಿನ ಜಿಪಿಎಸ್ ದೊಡ್ಡ ಹೊಲಕ್ಕೆ ಸಾಕು. ಅರ್ಧ ಎಕರೆಗಿಂತ ಚಿಕ್ಕ ತಾಕಿಗೆ ಅದನ್ನು ನಂಬಬೇಡಿ: ಅಂಚಿನಲ್ಲಿ ಕೆಲವೇ ಮೀಟರ್ ಆಚೀಚೆ ಆದರೂ ಅಷ್ಟು ಸಣ್ಣ ಜಾಗದಲ್ಲಿ ಅದು ದೊಡ್ಡ ತಪ್ಪು. ಅಲ್ಲಿ ಟೇಪೇ ಲೇಸು.

## ಹಂತ 1: ಮೂರು ಎಕರೆಗಳನ್ನು ಬೇರೆ ಬೇರೆ ಬರೆಯಿರಿ

ನೆಲದ ವಿಸ್ತೀರ್ಣ ಎಂದರೆ ನಿಮ್ಮ ಬಳಿ ನಿಜವಾಗಿ ಇರುವ ಭೂಮಿ. ನಾಟಿ ವಿಸ್ತೀರ್ಣ ಎಂದರೆ ಬಿತ್ತಿದ ಅಥವಾ ಸಸಿ ಇಟ್ಟ ಜಾಗ. ಕೊಯ್ಲಿನ ವಿಸ್ತೀರ್ಣ ಎಂದರೆ ಮಾಲು ಹೊರಬಂದ ಜಾಗ. ಇವು ಮೂರೂ ಒಂದೇ ಅಂಕಿಯಾಗುವುದು ತರಕಾರಿಯಲ್ಲಿ ಅಪರೂಪ.

ಗೊಂದಲ ಹುಟ್ಟುವುದು ಎಣಿಕೆಯಲ್ಲಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ತನ್ನ ಅಂಕಿಅಂಶಗಳಿಗೆ ಇಟ್ಟುಕೊಂಡಿರುವ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದೇ ನೆಲದಲ್ಲಿ ಅದೇ ಬೆಳೆಯನ್ನು ವರ್ಷಕ್ಕೆ ಮೂರು ಸಲ ಬಿತ್ತಿ ಕೊಯ್ದರೆ ಕೊಯ್ಲಿನ ವಿಸ್ತೀರ್ಣವನ್ನು ಮೂರು ಸಲ ಎಣಿಸಬೇಕು. ನಿಂತ ಬೆಳೆಯಿಂದಲೇ ಮತ್ತೆ ಮತ್ತೆ ಬಿಡಿಸಿದರೆ ಒಂದೇ ಸಲ. ಹಾಗಾಗಿ ಒಂದು ಎಕರೆಯಲ್ಲಿ ಮೂರು ಸಲ ಕೊತ್ತಂಬರಿ ಬಿತ್ತಿ ಕಿತ್ತರೆ ಕೊಯ್ಲಿನ ವಿಸ್ತೀರ್ಣ ಮೂರು ಎಕರೆ. ಒಂದು ಎಕರೆ ಟೊಮೆಟೊವನ್ನು ಹತ್ತು ಸಲ ಬಿಡಿಸಿದರೂ ಒಂದೇ ಎಕರೆ. ಬಿತ್ತಿಯೂ ಹಾಳಾಗಿ ಕೊಯ್ಲೇ ಆಗದ ಜಾಗ ಈ ಲೆಕ್ಕಕ್ಕೆ ಸೇರುವುದಿಲ್ಲ.

ಸಾಮಾನ್ಯ ತಪ್ಪು: ಪ್ರತಿ ಬಿಡಿಸುವಿಕೆಗೂ ಎಕರೆ ಕೂಡಿಸುತ್ತಾ ಹೋಗುವುದು. ಹೀಗೆ ಮಾಡಿದವರ ಪುಸ್ತಕದಲ್ಲಿ ಬೆಂಡೆಯ ವಿಸ್ತೀರ್ಣ ಇಡೀ ಹೊಲಕ್ಕಿಂತ ದೊಡ್ಡದಾಗಿ, ಎಕರೆವಾರು ಇಳುವರಿ ನಗೆಪಾಟಲಾಗುವಷ್ಟು ಕೆಳಗೆ ಇರುತ್ತದೆ.

## ಹಂತ 2: ಹೊಲವನ್ನು ತಾಕುಗಳಾಗಿ ಒಡೆದು ಅಳೆಯಿರಿ

ಒಂದೇ ದಿನ ನಾಟಿಯಾಗಿ, ಒಂದೇ ಕಾಲಕ್ಕೆ ಕೊಯ್ಲಿಗೆ ಬರುವಷ್ಟು ಜಾಗ ಒಂದು ತಾಕು. ಪ್ರತಿ ತಾಕಿಗೂ ಬದಲಾಗದ ಸಂಖ್ಯೆ ಕೊಡಿ. ಬೆಳೆ ಬದಲಾದರೂ ಸಂಖ್ಯೆ ಅದೇ ಇರಲಿ. ಅದೇ ನೆಲಕ್ಕೆ ಎರಡನೆಯ ಬೆಳೆ ಬಂದಾಗ 7ಅ, 7ಆ ಎಂದು ಮುಂದುವರಿಸಿ.

ಅಳೆಯುವಾಗ ಓಡಾಡುವ ದಾರಿಯನ್ನು ಸೇರಿಸಬೇಕೇ ಬಿಡಬೇಕೇ ಎಂಬ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಮಡಿಗಳ ನಡುವಿನ ಕಾಲುದಾರಿಯನ್ನು ಸೇರಿಸಿ. ಬದು, ಬಸಿಗಾಲುವೆ, ಗಾಡಿ ದಾರಿಯನ್ನು ಬಿಡಿ. ಏರುಮಡಿಯಾದರೆ ಒಂದು ಮಡಿಯ ನಡುವಿನಿಂದ ಮುಂದಿನ ಮಡಿಯ ನಡುವಿಗೆ ಅಳೆಯಿರಿ. ಒಂದು ಎಕರೆ ಸುಮಾರು 4,047 ಚದರ ಮೀಟರ್. ನಡುವಿನಿಂದ ನಡುವಿಗೆ 1.8 ಮೀಟರ್ ಇದ್ದರೆ ಒಂದು ಎಕರೆಗೆ ಸುಮಾರು 2,250 ಮೀಟರ್ ಉದ್ದದ ಮಡಿ ಬರುತ್ತದೆ. ಇನ್ನು ಮುಂದೆ ಮಡಿಯ ಉದ್ದ ಹೆಜ್ಜೆ ಹಾಕಿ ನೋಡಿದರೂ ಎಕರೆ ತಿಳಿಯುತ್ತದೆ.

ಮಿಶ್ರ ಬೆಳೆ ಇದ್ದರೆ ನೆಲವನ್ನು ಸಾಲುಗಳ ಪಾಲಿನಂತೆ ಹಂಚಿ. ಪ್ರತಿ ಎರಡು ಸಾಲು ಎಲೆಕೋಸಿಗೆ ಒಂದು ಸಾಲು ಮೂಲಂಗಿ ಎಂದಾದರೆ ಮೂರರಲ್ಲಿ ಎರಡು ಪಾಲು ಕೋಸಿಗೆ, ಒಂದು ಪಾಲು ಮೂಲಂಗಿಗೆ. ಎರಡಕ್ಕೂ ಪೂರ್ತಿ ಎಕರೆ ಬರೆದರೆ ನಿಮಗೆ ಇಲ್ಲದ ಭೂಮಿ ಕಾಗದದ ಮೇಲೆ ಹುಟ್ಟಿಕೊಳ್ಳುತ್ತದೆ.

## ಹಂತ 3: ಕೊಯ್ಲಿನ ದಿನದಿಂದ ಹಿಂದಕ್ಕೆ ಎಣಿಸಿ

ಹೊಲ ಹದಕ್ಕೆ ಬಂತು, ಆದ್ದರಿಂದ ನಾಟಿ ಮಾಡೋಣ ಎಂಬುದು ಮನೆಬಳಕೆಯ ತರಕಾರಿಗೆ ಸರಿ. ವಾಣಿಜ್ಯ ಬೆಳೆಗೆ ಮೊದಲು ಕೊಯ್ಲಿನ ವಾರಗಳನ್ನು ಬರೆದು, ಅಲ್ಲಿಂದ ಹಿಂದಕ್ಕೆ ಬನ್ನಿ: ಕೊಯ್ಲು, ಅದಕ್ಕೆ ಮೊದಲು ಹೊಲದಲ್ಲಿ ಬೆಳೆಯುವ ಅವಧಿ, ಅದಕ್ಕೆ ಮೊದಲು ಸಸಿಮಡಿ, ಅದಕ್ಕೂ ಮೊದಲು ನೆಲ ಸಿದ್ಧತೆ.

ಬೀಜದ ಪೊಟ್ಟಣದ ಮೇಲಿನ ದಿನಗಳನ್ನು ಎಚ್ಚರಿಕೆಯಿಂದ ಓದಿ. ನೇರ ಬಿತ್ತುವ ಬೀನ್ಸ್, ಕ್ಯಾರೆಟ್, ಮೂಲಂಗಿಗೆ ಅದು ಸಾಮಾನ್ಯವಾಗಿ ಬಿತ್ತಿದ ದಿನದಿಂದ ಎಣಿಸಿದ್ದು. ಟೊಮೆಟೊ, ಬದನೆ, ಕೋಸುಗಳಿಗೆ ನಾಟಿ ಮಾಡಿದ ದಿನದಿಂದ. ಎಲೆಕೋಸಿಗೆ 70 ದಿನ ಎಂದಿದ್ದರೆ ಸಸಿಮಡಿಯ 25ರಿಂದ 30 ದಿನ ಅದರ ಮೇಲೆ. ದಪ್ಪ ಮೆಣಸಿನಕಾಯಿಗೆ ಸಸಿಯೇ ಐದಾರು ವಾರ ತೆಗೆದುಕೊಳ್ಳುತ್ತದೆ, ಈರುಳ್ಳಿಗೆ ಆರರಿಂದ ಎಂಟು ವಾರ. ಮೊದಲ ತಿಂಗಳೇ ಮಾಲು ತಪ್ಪಿದವರ ಲೆಕ್ಕ ಬಿಡಿಸಿ ನೋಡಿದರೆ ಹೆಚ್ಚಿನಂಶ ಈ ಸಸಿಮಡಿಯ ದಿನಗಳೇ ಕಾಣೆಯಾಗಿರುತ್ತವೆ.

ಇನ್ನೊಂದು ಅಂಕಣದಲ್ಲಿ ಬೆಳೆ ಎಷ್ಟು ದಿನ ಕಾಯುತ್ತದೆ ಎಂದು ಬರೆಯಿರಿ. ಸಿಹಿಜೋಳ, ಹಸಿ ಬಟಾಣಿ ಕೆಲವೇ ದಿನ. ಬೆಂಡೆ ದಿನ ಬಿಟ್ಟು ದಿನ ಬಿಡಿಸಬೇಕು, ಇಲ್ಲವಾದರೆ ನಾರು. ಬಲಿತ ಎಲೆಕೋಸು ತಂಪಿನಲ್ಲಿ ತುಸು ನಿಲ್ಲುತ್ತದೆ, ಮಳೆ ಬಿದ್ದರೆ ಗಡ್ಡೆ ಸೀಳುತ್ತದೆ. ಕಾಯದ ಬೆಳೆಗೆ ತಾಕುಗಳು ಚಿಕ್ಕವಾಗಿ, ಹತ್ತಿರ ಹತ್ತಿರ ಇರಬೇಕು. ಕಾಯುವ ಬೆಳೆಗೆ ದೊಡ್ಡದಾಗಿ, ದೂರ ದೂರ ಇದ್ದರೂ ನಡೆಯುತ್ತದೆ.

## ಹಂತ 4: ದಿನಗಳನ್ನು ಶಾಖಕ್ಕೆ ಬದಲಾಯಿಸಿ

ಬಹುತೇಕ ಎಲ್ಲರೂ ಬಿಡುವ ಹಂತ ಇದು. ವಾರಕ್ಕೊಮ್ಮೆ ಬಿತ್ತಿದರೆ ವಾರಕ್ಕೊಮ್ಮೆ ಕೊಯ್ಲು ಬರುತ್ತದೆ ಎಂಬ ನಂಬಿಕೆ ಹವೆ ಬದಲಾಗುವ ಕಾಲದಲ್ಲಿ ನಿಲ್ಲುವುದಿಲ್ಲ. ಗಿಡಕ್ಕೆ ಕ್ಯಾಲೆಂಡರ್ ತಿಳಿಯದು, ಶಾಖ ತಿಳಿಯುತ್ತದೆ.

ದಿನದ ಗರಿಷ್ಠ ಮತ್ತು ಕನಿಷ್ಠ ಉಷ್ಣತೆ ಕೂಡಿಸಿ ಎರಡರಿಂದ ಭಾಗಿಸಿ. ಅದರಿಂದ ಆ ಬೆಳೆಯ ತಳ ಉಷ್ಣತೆಯನ್ನು ಕಳೆಯಿರಿ. ಉಳಿದದ್ದು ಆ ದಿನದ ಶಾಖಾಂಕ. ತಳ ಉಷ್ಣತೆಯೆಂದರೆ ಅದಕ್ಕಿಂತ ಕೆಳಗೆ ಆ ಗಿಡ ಬೆಳೆಯುವುದೇ ಇಲ್ಲ ಎಂದು ಇಟ್ಟುಕೊಳ್ಳುವ ಗೆರೆ: ಸಿಹಿಜೋಳ, ಬೀನ್ಸ್, ಟೊಮೆಟೊಗೆ ಸಾಮಾನ್ಯವಾಗಿ 10 ಡಿಗ್ರಿ ಸೆಲ್ಸಿಯಸ್, ಬಟಾಣಿಗೆ ಸುಮಾರು 4.4. ಸಿಹಿಜೋಳಕ್ಕೆ ಗರಿಷ್ಠ 30 ದಾಟಿದರೆ 30 ಎಂದೇ, ಕನಿಷ್ಠ 10ಕ್ಕಿಂತ ಇಳಿದರೆ 10 ಎಂದೇ ಬರೆಯುವುದು ರೂಢಿ.

ಸಿಹಿಜೋಳವನ್ನೇ ತೆಗೆದುಕೊಳ್ಳಿ. ಬಿತ್ತುವಾಗ ತಂಪು: ಗರಿಷ್ಠ 22, ಕನಿಷ್ಠ 10. ಸರಾಸರಿ 16, ಶಾಖಾಂಕ 6. ಕೊಯ್ಲಿನ ಹೊತ್ತಿಗೆ ಸೆಖೆ: ಗರಿಷ್ಠ 30, ಕನಿಷ್ಠ 22. ಸರಾಸರಿ 26, ಶಾಖಾಂಕ 16. ತಂಪಿನಲ್ಲಿ ಏಳು ದಿನ ಬಿಟ್ಟು ಬಿತ್ತಿದ ಎರಡು ತಾಕುಗಳ ನಡುವಿನ ಅಂತರ 42 ಶಾಖಾಂಕ. ಸೆಖೆಯಲ್ಲಿ 42 ಶಾಖಾಂಕ ಮೂರು ದಿನವೂ ಇಲ್ಲ. ಅಂದರೆ ವಾರದ ಅಂತರದಲ್ಲಿ ಬಿತ್ತಿದ ಎರಡೂ ತಾಕು ಮೂರು ದಿನದೊಳಗೆ ಮೈಮೇಲೆ ಬರುತ್ತವೆ. ಹವೆ ತಂಪಿನತ್ತ ಹೊರಳುವ ಕಾಲದಲ್ಲಿ ಇದು ತಿರುಗುಮುರುಗು: ಎರಡು ಮೂರು ದಿನದ ಅಂತರದಲ್ಲಿ ಬಿತ್ತಿದವು ಕೊಯ್ಲಿನ ವೇಳೆಗೆ ಒಂದು ವಾರ ದೂರವಾಗುತ್ತವೆ.

ಪರಿಹಾರ ಸರಳ. ನಿಮಗೆ ನಾಲ್ಕು ದಿನಕ್ಕೊಂದು ತಾಕು ಕೊಯ್ಲಿಗೆ ಬೇಕೆನ್ನಿ. ಕೊಯ್ಲಿನ ಕಾಲದ ದಿನದ ಶಾಖಾಂಕ 16 ಆದರೆ ನಾಲ್ಕು ದಿನಕ್ಕೆ 64. ಮೊದಲ ತಾಕು ಬಿತ್ತಿದ ಮೇಲೆ 64 ಶಾಖಾಂಕ ಸೇರುವ ತನಕ ಎರಡನೆಯದನ್ನು ಬಿತ್ತಬೇಡಿ. ತಂಪಿನಲ್ಲಿ ಅದಕ್ಕೆ ಹತ್ತರಿಂದ ಹನ್ನೊಂದು ದಿನ ಬೇಕು. ಕೈ ಕಟ್ಟಿ ಕೂರುವುದು ಕಷ್ಟ, ಆದರೂ ಕೂರಿ.

ಲೆಕ್ಕದ ಗೋಜು ಬೇಡ ಎನ್ನುವವರಿಗೆ ಹಳೆಯ ಉಪಾಯವೊಂದಿದೆ: ಮೊದಲು ಬಿತ್ತಿದ ಸಿಹಿಜೋಳ ಎರಡು ಮೂರು ಎಲೆ ಬಿಟ್ಟ ಮೇಲೆ ಮುಂದಿನದನ್ನು ಬಿತ್ತುವುದು. ಗಿಡವೇ ತಾಪಮಾಪಕವಾಗುತ್ತದೆ. ನಿಖರತೆ ಕಡಿಮೆ, ಕ್ಯಾಲೆಂಡರಿಗಿಂತ ಮೇಲು.

ಶಾಖಾಂಕ ಎಲ್ಲವನ್ನೂ ಹೇಳುವುದಿಲ್ಲ ಎಂಬುದೂ ನೆನಪಿರಲಿ. ಈರುಳ್ಳಿ ಗಡ್ಡೆ ಕಟ್ಟುವುದು ಹಗಲಿನ ಉದ್ದ ನೋಡಿ. ಹೂಕೋಸಿನ ಬೇಗ ಬರುವ ತಳಿಯನ್ನು ತಡವಾಗಿ ತಂಪಿನಲ್ಲಿ ನೆಟ್ಟರೆ ಗಿಡ ಬೆಳೆಯುವ ಮೊದಲೇ ಗುಂಡಿಯಷ್ಟು ಹೂ ಬಿಟ್ಟು ನಿಲ್ಲುತ್ತದೆ. ಲೆಟ್ಯೂಸ್ ಬೀಜ ಮಣ್ಣು 30 ಡಿಗ್ರಿ ಸುತ್ತಮುತ್ತ ಕಾದರೆ ಮೊಳೆಯದೆ ಮಲಗಿಬಿಡುತ್ತದೆ. ಈ ಬೆಳೆಗಳಲ್ಲಿ ಹಂಗಾಮು ಬದಲಾದರೆ ಮೊದಲು ತಳಿ ಬದಲಿಸಿ, ಆಮೇಲೆ ಎಕರೆ.

## ಹಂತ 5: ಹಂಗಾಮಿನ ಇಳುವರಿಯಿಂದ ಎಕರೆ ತೆಗೆಯಿರಿ

ವರ್ಷದ ಸರಾಸರಿ ಇಳುವರಿಯನ್ನು ಇಲ್ಲಿ ಬಳಸಿದರೆ ಒಳ್ಳೆಯ ಹಂಗಾಮಿನಲ್ಲಿ ಮಾಲು ಹೆಚ್ಚು, ಕೆಟ್ಟ ಹಂಗಾಮಿನಲ್ಲಿ ಕೊರತೆ. ಪ್ರತಿ ಹಂಗಾಮಿಗೂ ನಾಲ್ಕು ಅಂಕಿ ಬೇರೆಬೇರೆಯಾಗಿ ಬೇಕು: ಎಕರೆಗೆ ಎಷ್ಟು ಸಸಿ, ಅದರಲ್ಲಿ ಬದುಕುವುದೆಷ್ಟು, ಬದುಕಿದ್ದರಲ್ಲಿ ಮಾರಲು ತಕ್ಕುದೆಷ್ಟು, ಒಂದರ ತೂಕವೆಷ್ಟು.

ಎಲೆಕೋಸಿನ ಉದಾಹರಣೆ ಮಾಡೋಣ; ಬದುಕುವ ಪಾಲು, ತೂಕ ಮುಂತಾದವು ತೋರಿಸುವುದಕ್ಕಾಗಿ ಇಟ್ಟುಕೊಂಡವು, ನಿಮ್ಮವನ್ನು ನಿಮ್ಮ ಚೀಟಿಗಳಿಂದ ತೆಗೆಯಿರಿ. ವಾರಕ್ಕೆ 6 ಟನ್ ಬೇಕು. ಸಾಲಿನಿಂದ ಸಾಲಿಗೆ 60, ಗಿಡದಿಂದ ಗಿಡಕ್ಕೆ 45 ಸೆಂಟಿಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 15,000 ಸಸಿ.

ಅನುಕೂಲದ ಹಂಗಾಮು: 100ಕ್ಕೆ 90 ಸಸಿ ಬದುಕಿದವು, ಅವುಗಳಲ್ಲಿ 100ಕ್ಕೆ 80 ಮಾರಲು ತಕ್ಕವು, ಗಡ್ಡೆ 1 ಕಿಲೋ. ಎಕರೆಗೆ 10,800 ಕಿಲೋ. ವಾರಕ್ಕೆ 0.56 ಎಕರೆ ಕೊಯ್ದರೆ ಸಾಕು.

ಮಳೆ ಹಿಡಿದ ಹಂಗಾಮು: 100ಕ್ಕೆ 80 ಬದುಕಿದವು, ಅವುಗಳಲ್ಲಿ 100ಕ್ಕೆ 65 ಮಾರಲು ತಕ್ಕವು, ಗಡ್ಡೆ 800 ಗ್ರಾಂ. ಎಕರೆಗೆ 6,240 ಕಿಲೋ. ಅದೇ 6 ಟನ್‌ಗೆ ಈಗ 0.96 ಎಕರೆ ಬೇಕು.

ಇಲ್ಲಿಗೆ ನಿಲ್ಲಿಸುವುದೇ ದೊಡ್ಡ ತಪ್ಪು. 0.56, 0.96 ಎಂಬುವು ಕೊಯ್ಲಿನ ಎಕರೆಗಳು. ಇಡೀ ತಾಕೇ ನೀರು ನಿಂತು ಹೋಗುವುದು, ಆಲಿಕಲ್ಲಿಗೆ ಸಿಕ್ಕುವುದು ಇವು ಇನ್ನೂ ಸೇರಿಲ್ಲ. ನೆಟ್ಟ ಎಕರೆಗಳಲ್ಲಿ ಕೊಯ್ಲಿಗೆ ಉಳಿಯುವ ಪಾಲು ಅನುಕೂಲದ ಹಂಗಾಮಿನಲ್ಲಿ 100ಕ್ಕೆ 97, ಮಳೆಯಲ್ಲಿ 100ಕ್ಕೆ 90 ಎಂದಿಟ್ಟರೆ ನಾಟಿ ವಿಸ್ತೀರ್ಣ ವಾರಕ್ಕೆ 0.58 ಮತ್ತು 1.07 ಎಕರೆ. ಈ ಪಾಲನ್ನು ಸಸಿ ಬದುಕುವ ಪಾಲಿನೊಂದಿಗೆ ಬೆರೆಸಬೇಡಿ. ಅದು ಉಳಿದ ತಾಕಿನೊಳಗೆ ಅಲ್ಲಲ್ಲಿ ಸತ್ತ ಗಿಡಗಳ ಲೆಕ್ಕ, ಇದು ಪೂರ್ತಿ ಕೈತಪ್ಪಿದ ತಾಕುಗಳ ಲೆಕ್ಕ. ಒಂದೇ ನಷ್ಟವನ್ನು ಎರಡೂ ಕಡೆ ಬರೆದರೆ ಬೇಕಾದ್ದಕ್ಕಿಂತ ಹೆಚ್ಚು ನೆಡುತ್ತೀರಿ.

## ಹಂತ 6: ನೆಲ ಸಾಲುತ್ತದೆಯೇ ನೋಡಿ

ವಾರದ ನಾಟಿಯನ್ನು, ಒಂದು ತಾಕು ನೆಲವನ್ನು ಹಿಡಿದಿಡುವ ವಾರಗಳಿಂದ ಗುಣಿಸಿ. ಬೆಳೆಯುವ ದಿನ ಮಾತ್ರವಲ್ಲ, ಕೊಯ್ಲಿನ ದಿನ, ಕಸ ತೆಗೆದು ಮತ್ತೆ ಹದ ಮಾಡುವ ದಿನವೂ ಸೇರಬೇಕು. ಮೇಲಿನ ಎಲೆಕೋಸಿಗೆ ಅನುಕೂಲದ ಹಂಗಾಮಿನಲ್ಲಿ 12 ವಾರ, ಮಳೆಯಲ್ಲಿ ನೆಲ ಆರುವುದು ತಡವಾಗಿ 14 ವಾರ ಎನ್ನಿ. 12ನ್ನು 0.58ರಿಂದ ಗುಣಿಸಿದರೆ ಸುಮಾರು 7 ಎಕರೆ, 14ನ್ನು 1.07ರಿಂದ ಗುಣಿಸಿದರೆ ಸುಮಾರು 15. ವಾರಕ್ಕೆ ಹೊರಹೋಗುವುದು ಅದೇ 6 ಟನ್, ಹಿಡಿಯುವ ನೆಲ ಎರಡರಷ್ಟು. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ನೋಡಬೇಕಾದ ಅಂಕಿ ಇದು.

ನೆಲ ಸಾಲದಿದ್ದರೆ ಸಸಿಯನ್ನು ಇಕ್ಕಟ್ಟಾಗಿ ನೆಡುವ ಆಸೆ ಬರುತ್ತದೆ. ಮಳೆಯಲ್ಲಿ ಗಾಳಿಯಾಡದ ಇಕ್ಕಟ್ಟು ರೋಗಕ್ಕೆ ಆಹ್ವಾನ. ಒಪ್ಪಿದ ಟನ್ ಇಳಿಸುವುದು, ಇಲ್ಲವೇ ಆ ಹಂಗಾಮಿನಲ್ಲಿ ಬೇರೆ ಬೆಳೆಗೆ ಹೋಗುವುದು ಮೇಲು.

ಬೆಳೆ ಸರದಿಯನ್ನೂ ಇಲ್ಲೇ ಪರೀಕ್ಷಿಸಿ. ಎಲೆಕೋಸು, ಹೂಕೋಸು, ಮೂಲಂಗಿ ಒಂದೇ ಕುಟುಂಬ; ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಇನ್ನೊಂದು. ಒಂದೇ ಕುಟುಂಬ ಅದೇ ತಾಕಿಗೆ ಬೆನ್ನುಬೆನ್ನಿಗೆ ಬೀಳುತ್ತಿದ್ದರೆ ನಿಮ್ಮ 15 ಎಕರೆ ನಿಜವಾಗಿ 15 ಅಲ್ಲ. ಸಸಿಮಡಿಗೂ ಹೀಗೆಯೇ: ವಾರಕ್ಕೆ 8,700 ಸಸಿ ಕೊಡುತ್ತಿದ್ದ ಮಡಿ ಮಳೆ ಹಂಗಾಮಿನಲ್ಲಿ 16,000ಕ್ಕೂ ಮೇಲೆ ಕೊಡಬೇಕು. ಸತ್ತ ಜಾಗಕ್ಕೆ ತುಂಬುವ ಸಸಿ ಬೇರೆ.

## ಹಂತ 7: ತಾಕಿನ ಪುಟದಲ್ಲಿ ನಾಲ್ಕು ಸಲ ಬರೆಯಿರಿ

ನಾಟಿಯ ದಿನ: ತಾರೀಖು, ತಳಿ, ವಿಸ್ತೀರ್ಣ. ಸಂಜೆಯೇ ಬರೆಯಿರಿ.

ಎರಡು ವಾರದ ನಂತರ: 10 ಮೀಟರ್ ಹಗ್ಗವನ್ನು ತಾಕಿನ ಐದು ಕಡೆ ಸಾಲಿನ ಮೇಲೆ ಹಾಸಿ ಬದುಕಿದ ಗಿಡ ಎಣಿಸಿ. 45 ಸೆಂಟಿಮೀಟರ್ ಅಂತರಕ್ಕೆ 10 ಮೀಟರಿನಲ್ಲಿ 22 ಗಿಡ ಇರಬೇಕು. ಐದು ಕಡೆ ಸೇರಿ 110. ಸಿಕ್ಕಿದ್ದು 88 ಆದರೆ ಬದುಕಿದ ಪಾಲು 100ಕ್ಕೆ 80. ದಾರಿಯ ಪಕ್ಕದ ಚೆಂದದ ಸಾಲನ್ನೇ ಆರಿಸಿಕೊಳ್ಳಬೇಡಿ. ನೀರು ನಿಲ್ಲುವ ಮೂಲೆಗೂ ಒಂದು ಹಗ್ಗ ಹೋಗಲಿ.

ಕೊಯ್ಲು ಶುರುವಾದಾಗ: ಮೊದಲ ದಿನ, ಮತ್ತು ಪ್ರತಿ ಸಲದ ತೂಕ. ಕೊಯ್ಲು ಮುಗಿದಾಗ: ಕೊಯ್ದ ವಿಸ್ತೀರ್ಣ, ಬಿಟ್ಟ ವಿಸ್ತೀರ್ಣ, ಬಿಟ್ಟ ಕಾರಣ. ಕಾರಣವನ್ನು ಒಂದೇ ಪದದಲ್ಲಿ ಬರೆದರೂ ಸಾಕು: ನೀರು, ರೋಗ, ಆಳು, ಬೆಲೆ. ನೀರು ಮತ್ತು ರೋಗದಿಂದ ಹೋದ ಎಕರೆಗೆ ಮುಂದಿನ ಸಲ ಹೆಚ್ಚು ನೆಡಬಹುದು. ಬೆಲೆ ಇಲ್ಲದೆ, ಆಳು ಇಲ್ಲದೆ ಬಿಟ್ಟ ಎಕರೆಗೆ ಹೆಚ್ಚು ನೆಟ್ಟರೆ ಇನ್ನಷ್ಟು ಬಿಡಬೇಕಾಗುತ್ತದೆ. ಈ ಒಂದು ಅಂಕಣ ಖಾಲಿ ಇದ್ದರೆ ಉಳಿದ ಪುಟ ಅರ್ಧ ಉಪಯೋಗಕ್ಕೂ ಬರುವುದಿಲ್ಲ.

## ಹಂತ 8: ಹಂಗಾಮನ್ನು ಅದರ ಸರಿಜೋಡಿಯ ಜೊತೆ ಹೋಲಿಸಿ

ಮಳೆಗಾಲದ ಎಕರೆಯನ್ನು ಅದಕ್ಕೆ ಹಿಂದಿನ ಬೇಸಿಗೆಯ ಎಕರೆಯೊಂದಿಗೆ ಹೋಲಿಸಿ ಏರಿತು, ಇಳಿಯಿತು ಎನ್ನುವುದರಿಂದ ಏನೂ ತಿಳಿಯುವುದಿಲ್ಲ. ಹಿಂದಿನ ವರ್ಷದ ಅದೇ ಹಂಗಾಮು, ಸಾಧ್ಯವಾದರೆ ಮೂರು ವರ್ಷಗಳ ಅದೇ ಹಂಗಾಮಿನ ಸರಾಸರಿ, ಇದೇ ಅಳತೆಗೋಲು.

ಒಂದು ಹಂಗಾಮಿನಲ್ಲಿ ನೆಟ್ಟು ಇನ್ನೊಂದರಲ್ಲಿ ಕೊಯ್ಯುವ ತಾಕುಗಳು ಇಲ್ಲಿ ಕಾಟ ಕೊಡುತ್ತವೆ. ನಾಟಿ ವಿಸ್ತೀರ್ಣವನ್ನು ನೆಟ್ಟ ಹಂಗಾಮಿಗೆ, ಕೊಯ್ಲಿನದನ್ನು ಕೊಯ್ದ ಹಂಗಾಮಿಗೆ ಬರೆಯಿರಿ. ಆದರೆ ಎಷ್ಟು ಪಾಲು ಕೊಯ್ಲಿಗೆ ಉಳಿಯಿತು ಎಂದು ತೆಗೆಯುವಾಗ ತಾಕಿನ ಸಂಖ್ಯೆ ಹಿಡಿದೇ ತೆಗೆಯಿರಿ. ಹಂಗಾಮಿನ ಮೊತ್ತಗಳನ್ನು ಭಾಗಿಸಿದರೆ ಕೆಲವೊಮ್ಮೆ ನೆಟ್ಟದ್ದಕ್ಕಿಂತ ಕೊಯ್ದದ್ದು ಹೆಚ್ಚು ಎಂಬ ಉತ್ತರ ಬರುತ್ತದೆ.

ಉತ್ಪಾದನೆ ಇಳಿದಾಗ ಎಕರೆ ಇಳಿಯಿತೇ, ಇಳುವರಿ ಇಳಿಯಿತೇ ಎಂದು ಬಿಡಿಸಿ. ಹಿಂದಿನ ಸಲ 20 ಎಕರೆಯಿಂದ ಎಕರೆಗೆ 8 ಟನ್, ಒಟ್ಟು 160 ಎನ್ನಿ. ಈ ಸಲ 18 ಎಕರೆಯಿಂದ ಎಕರೆಗೆ 6.7 ಟನ್, ಒಟ್ಟು ಸುಮಾರು 121. ಇಳಿಕೆ ಕಾಲು ಭಾಗದಷ್ಟು. ಎಕರೆ ಕುಸಿದದ್ದು ಶೇಕಡಾ 10, ಇಳುವರಿ ಶೇಕಡಾ 16. ದೊಡ್ಡ ಪಾಲು ಇಳುವರಿಯದ್ದು. ಬರೀ ಎರಡು ಎಕರೆ ಸೇರಿಸಿ ಹಳೆಯ ಮಟ್ಟಕ್ಕೆ ಹೋಗುತ್ತೇನೆಂದರೆ ಆಗದು.

## ಎಚ್ಚರಿಕೆಯ ಗುರುತುಗಳು

ಟೊಮೆಟೊ ಹೂವಿನಲ್ಲಿರುವಾಗ ಹಗಲು 32 ಡಿಗ್ರಿ, ರಾತ್ರಿ 21 ಡಿಗ್ರಿ ದಾಟಿದ ದಿನಗಳು ಸಾಲುಗಟ್ಟಿದರೆ ಕಾಯಿ ಕಚ್ಚುವುದು ಕಡಿಮೆಯಾಗುತ್ತದೆ. ಹೂವಿನಿಂದ ಹಣ್ಣಿಗೆ ಸುಮಾರು ಆರರಿಂದ ಎಂಟು ವಾರ. ಇಂದು ಬಿದ್ದ ಹೂವಿನ ಕೊರತೆ ಆ ವಾರಗಳಲ್ಲಿ ಕಾಣುತ್ತದೆ. ಕೊಳ್ಳುವವರಿಗೆ ಆಗಲೇ ತಿಳಿಸಿ, ಕ್ರೇಟ್ ಖಾಲಿ ಬಂದ ದಿನವಲ್ಲ.

ಸಸಿಮಡಿಯಲ್ಲಿ ಸಸಿ ಬಲಿತು ಬಳುಕುತ್ತಾ, ಹೊಲ ಇನ್ನೂ ಕೆಸರಾಗಿದ್ದರೆ ಒಂದು ನಾಟಿ ತಪ್ಪಿತೆಂದೇ ತಿಳಿಯಿರಿ. ಎರಡು ವಾರಗಳಲ್ಲಿ ನೆಡಬೇಕಿದ್ದ ಸಸಿಯನ್ನು ಒಂದೇ ದಿನ ನೆಟ್ಟು ಸರಿದೂಗಿಸಿದರೆ ಕೊಯ್ಲಿನಲ್ಲೂ ಅವು ಒಟ್ಟಿಗೇ ಬರುತ್ತವೆ.

ಎಣಿಕೆಯಲ್ಲಿ ಬದುಕಿದ ಪಾಲು ಹಂಗಾಮಿನ ಅಂದಾಜಿಗಿಂತ ಸತತ ಎರಡು ತಾಕುಗಳಲ್ಲಿ ಕಡಿಮೆಯಾದರೆ ಮೂರನೆಯದರ ವಿಸ್ತೀರ್ಣವನ್ನು ಕೂಡಲೇ ಹೆಚ್ಚಿಸಿ.

## ಹಂತ 9: ತಾಕನ್ನು ಕೈಬಿಡುವ ತೀರ್ಮಾನ

ಬೆಲೆ ಬಿದ್ದಾಗ, ರೋಗ ಹೆಚ್ಚಿದಾಗ ಕೊಯ್ಯುವುದೋ ಉಳುವುದೋ ಎಂಬ ಪ್ರಶ್ನೆಗೆ ಇದುವರೆಗೆ ಸುರಿದ ಹಣವನ್ನು ಎಳೆದು ತರಬೇಡಿ. ಅದು ಎರಡೂ ದಾರಿಯಲ್ಲಿ ಹೋದದ್ದೇ. ಇನ್ನು ಮುಂದೆ ಕೊಯ್ಯಲು, ತುಂಬಲು, ಸಾಗಿಸಲು ಆಗುವ ಖರ್ಚು ಒಂದು ಕಡೆ, ಉಳಿದ ಮಾಲಿನಿಂದ ಬರುವುದು ಇನ್ನೊಂದು ಕಡೆ. ಜೊತೆಗೆ ಎರಡು ವಿಷಯ: ಬೇಗ ತೆರವಾದರೆ ಮುಂದಿನ ನಾಟಿಗೆ ಆ ನೆಲ ಸಿಗುತ್ತದೆಯೇ, ಮತ್ತು ನಿಂತ ಬೆಳೆಯಿಂದ ಪಕ್ಕದ ಎಳೆಯ ತಾಕಿಗೆ ರೋಗ ಹರಡುತ್ತದೆಯೇ. ಬೂಜು ರೋಗ ಹಿಡಿದ ಮುದಿ ಸೌತೆ ಬಳ್ಳಿಯನ್ನು ಕೊನೆಯ ನಾಲ್ಕು ಕ್ರೇಟ್ ಆಸೆಗೆ ಉಳಿಸಿಕೊಂಡರೆ ಗಾಳಿಗೆ ಹಾರಿದ ರೋಗ ಮುಂದಿನ ತಾಕಿನ ಮೊದಲ ಕ್ರೇಟ್‌ಗಳನ್ನೇ ತಿನ್ನುತ್ತದೆ.

ಒಂದು ಸಲವಾದರೂ ಬಿಡಿಸಿ ಮಾರಿದ್ದರೆ ಆ ತಾಕು ಕೊಯ್ಲಿನ ವಿಸ್ತೀರ್ಣಕ್ಕೆ ಸೇರುತ್ತದೆ. ಇಳುವರಿ ಕಡಿಮೆ ಎಂದು ಬರೆಯಿರಿ. ಅರ್ಧ ಸಾಲುಗಳನ್ನು ಮಾತ್ರ ಕೊಯ್ದು ಉಳಿದದ್ದನ್ನು ಉತ್ತರೆ ಕೊಯ್ದ ಸಾಲುಗಳಷ್ಟೇ ಲೆಕ್ಕಕ್ಕೆ. ಏನೂ ಕೊಯ್ಯದೆ ಉತ್ತದ್ದು ಸೊನ್ನೆ. ತೀರ್ಮಾನವಾದ ಮೇಲೆ ತಡಮಾಡದೆ ಉಳಿಕೆಯನ್ನು ಮಣ್ಣಿಗೆ ಸೇರಿಸಿ ಅಥವಾ ಹೊಲದಿಂದ ಹೊರಗೆ ಹಾಕಿ, ಉತ್ತ ತಾರೀಖನ್ನು ಪುಟದಲ್ಲಿ ಬರೆಯಿರಿ, ಮತ್ತು ಅದೇ ಸಂಜೆ ಆರನೆಯ ಹಂತದ ನೆಲದ ಲೆಕ್ಕವನ್ನು ತಿದ್ದಿ: ಆ ತಾಕು ಯಾವ ವಾರದಿಂದ ಖಾಲಿ, ಸಸಿಮಡಿಯಲ್ಲಿ ಅದಕ್ಕೆ ಹೊಂದುವ ಸಸಿ ಇದೆಯೇ ಎಂದು.